ಸ್ವಂತ ಸೂರು: ಕಾಸರಗೋಡಿನಲ್ಲಿ ಮೊದಲ ಮನೆ ಮಾಡುವವರಿಗೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಮದುವೆಗೆ ಎಷ್ಟು ಖರ್ಚಾಗುತ್ತದೆ ಎಂದು ಹೇಳಲು ಊರಿನಲ್ಲಿ ಹತ್ತು ಜನ ಹಿರಿಯರು ಸಿಗುತ್ತಾರೆ. ಮನೆಯ ಜಾಗ ಕೊಳ್ಳುವಾಗ ಬೆಲೆಯ ಹೊರತಾಗಿ ಇನ್ನೆಷ್ಟು ಹಣ ಬೇಕು, ಯಾವ ಕಾಗದ ನೋಡಬೇಕು, ಸರಕಾರದಿಂದ ಏನಾದರೂ ನೆರವು ಸಿಗುತ್ತದೆಯೇ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಂಗಳೂರಿನಲ್ಲಿರುವ ನೆಂಟರು ಕರ್ನಾಟಕದ ಲೆಕ್ಕ ಹೇಳುತ್ತಾರೆ. ಬ್ರೋಕರು ತನಗೆ ಬೇಕಾದಷ್ಟನ್ನೇ ಹೇಳುತ್ತಾನೆ. ಕಚೇರಿಯ ಕಾಗದ ಮಲಯಾಳದಲ್ಲಿರುತ್ತದೆ. ಇವುಗಳ ನಡುವೆ ಸಿಕ್ಕಿ, ಜನ್ಮವಿಡೀ ಕೂಡಿಟ್ಟ ಹಣವನ್ನು ಮನೆ ಕಟ್ಟಲು ಬಾರದ ಗದ್ದೆಗೆ ಸುರಿದವರು ಇದ್ದಾರೆ. ನೋಂದಣಿಯ ದಿನ ಹಣ ಸಾಲದೆ ಮುಂಗಡ ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ಈ ದಿನ ಕೇರಳ ರಾಜ್ಯದಲ್ಲಿ, ಮುಖ್ಯವಾಗಿ ನಮ್ಮ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ, ಮೊದಲ ಬಾರಿಗೆ ಮನೆ ಅಥವಾ ಮನೆಗೆ ಜಾಗ ಕೊಳ್ಳುವವರು ತಿಳಿದಿರಬೇಕಾದ ವಿಷಯಗಳನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ ಖರ್ಚಿನ ಮಾತು. ಕೇರಳದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ ಶುಲ್ಕ ನೂರಕ್ಕೆ 2. ಎರಡೂ ಸೇರಿದರೆ ನೂರಕ್ಕೆ 10. ಪಂಚಾಯತಾಗಲಿ ನಗರಸಭೆಯಾಗಲಿ ಲೆಕ್ಕ ಇದೇ. ಹೆಂಗಸರ ಹೆಸರಿನಲ್ಲಿ ಕೊಂಡರೆ ಕಡಿಮೆಯಾಗುತ್ತದೆ ಎಂದು ಕೆಲವರು ನಂಬಿದ್ದಾರೆ. ಬೇರೆ ಕೆಲವು ರಾಜ್ಯಗಳಲ್ಲಿ ಅಂಥ ರಿಯಾಯಿತಿ ಇರುವುದು ನಿಜ, ಕೇರಳದಲ್ಲಿ ಮಾತ್ರ ಇಲ್ಲ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ನೂರಕ್ಕೆ 5. ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಇವುಗಳ ಮೇಲೆ ಸಣ್ಣಪುಟ್ಟ ಸೆಸ್ಸುಗಳಿವೆ. ಹಾಗಾಗಿ ತಲಪಾಡಿಯ ಆಚೆಗಿನ ನೆಂಟರು ಹೇಳಿದ ಲೆಕ್ಕವನ್ನು ಈಚೆಗೆ ತಂದು ಹಾಕಿದರೆ ಕೈಯಲ್ಲಿ ಹಣ ಕಡಿಮೆ ಬೀಳುವುದು ಖಂಡಿತ.

ಈ ನೂರಕ್ಕೆ ಹತ್ತನ್ನು ಯಾವ ಬೆಲೆಯ ಮೇಲೆ ಹಾಕುತ್ತಾರೆ? ನೀವು ಕೊಡುವ ಬೆಲೆ ಒಂದು, ಸರಕಾರ ಆ ಜಾಗಕ್ಕೆ ಗೊತ್ತುಮಾಡಿದ ಬೆಲೆ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಸರಕಾರದ ಈ ಬೆಲೆಗೆ ಮಲಯಾಳದಲ್ಲಿ 'ನ್ಯಾಯವಿಲ' ಎನ್ನುತ್ತಾರೆ. 'ವಿಲ' ಎಂದರೆ ಬೆಲೆ. ಜನ ಫೇರ್ ವ್ಯಾಲ್ಯೂ ಎಂದೇ ಹೇಳುವುದು ರೂಢಿ. ಇದು 2010ರಲ್ಲಿ ಜಾರಿಗೆ ಬಂತು. ಆಮೇಲೆ ಹಲವು ಸಲ ಏರಿಸಿದ್ದಾರೆ. 2022ರಲ್ಲಿ ನೂರಕ್ಕೆ 10ರಷ್ಟು, 2023ರಲ್ಲಿ ನೂರಕ್ಕೆ 20ರಷ್ಟು ಏರಿತು. ಸರ್ವೇ ನಂಬ್ರ ಗೊತ್ತಿದ್ದರೆ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಇದನ್ನು ನೋಡಬಹುದು. ಅಕ್ಷಯ ಕೇಂದ್ರದಲ್ಲಿ ಕೇಳಿದರೂ ತೆಗೆದು ಕೊಡುತ್ತಾರೆ.

ಒಂದು ಉದಾಹರಣೆ ನೋಡೋಣ. ನೀವು 6 ಸೆಂಟ್ಸ್ ಜಾಗವನ್ನು ಸೆಂಟಿಗೆ ಒಂದೂವರೆ ಲಕ್ಷದಂತೆ ಮಾತಾಡಿದ್ದೀರಿ. ಬೆಲೆ 9 ಲಕ್ಷ. ಮುದ್ರಾಂಕಕ್ಕೆ 72,000, ನೋಂದಣಿಗೆ 18,000, ಒಟ್ಟು 90,000 ರೂಪಾಯಿ. ಇನ್ನು ಫೇರ್ ವ್ಯಾಲ್ಯೂ ನೋಡಿ. ಅದನ್ನು ಬರೆಯುವುದು ಸೆಂಟಿನ ಲೆಕ್ಕದಲ್ಲಿ ಅಲ್ಲ, ಆರ್ ಎಂಬ ಅಳತೆಯಲ್ಲಿ. ಒಂದು ಆರ್ ಎಂದರೆ ನೂರು ಚದರ ಮೀಟರು, ಅಂದರೆ ಸುಮಾರು 2.47 ಸೆಂಟ್ಸ್. ನಿಮ್ಮ 6 ಸೆಂಟ್ಸ್ ಸುಮಾರು 2.43 ಆರ್ ಆಗುತ್ತದೆ. ಆ ಜಾಗಕ್ಕೆ ಆರ್ ಒಂದಕ್ಕೆ 4 ಲಕ್ಷ ಎಂದು ಇದ್ದರೆ ಸರಕಾರದ ಬೆಲೆ 9 ಲಕ್ಷ 70 ಸಾವಿರ ದಾಟಿತು. ಆಗ ನೀವು 9 ಲಕ್ಷಕ್ಕೇ ಕೊಂಡರೂ ಸುಮಾರು 97,000 ಕಟ್ಟಬೇಕು. ಮುಂಗಡ ಕೊಡುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ.

ಕೆಲವರು ಇಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ. "ಕಾಗದದಲ್ಲಿ ಕಡಿಮೆ ಬರೆಯುವ, ಉಳಿದದ್ದನ್ನು ಕೈಯಲ್ಲಿ ಕೊಡಿ" ಎನ್ನುತ್ತಾರೆ. ಇದು ಮೂರು ಬಗೆಯಲ್ಲಿ ಅಪಾಯ. ಮೊದಲನೆಯದಾಗಿ, ಬೆಲೆ ಕಡಿಮೆ ತೋರಿಸಿದ್ದಾರೆಂದು ನೋಂದಣಿ ಇಲಾಖೆಯಿಂದ ವರ್ಷಗಳ ನಂತರವೂ ನೋಟೀಸು ಬರಬಹುದು. ಹಳೆಯ ಆಧಾರಗಳ ಮೇಲೆ ಇಂಥ ಪ್ರಕರಣಗಳು ಕೇರಳದಲ್ಲಿ ಸಾವಿರಗಟ್ಟಲೆ ಇವೆ. ಎರಡನೆಯದಾಗಿ, ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆಯಿದೆ. ಮೂರನೆಯದು ನಿಮಗೇ ತಾಗುವ ಮಾತು. ಬ್ಯಾಂಕು ಸಾಲ ಕೊಡುವಾಗ ಕಾಗದದಲ್ಲಿ ಬರೆದ ಬೆಲೆಯನ್ನು ನೋಡುತ್ತದೆ. ವ್ಯವಹಾರ ಕೆಟ್ಟು ಕೋರ್ಟಿಗೆ ಹೋದರೆ ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಇರುವುದಿಲ್ಲ.

ಈಗ ಕಾಗದಗಳ ಕಡೆಗೆ ಬರೋಣ. ಇಲ್ಲಿ ಗಡಿನಾಡಿನ ನಮಗೆ ಒಂದು ವಿಶೇಷ ತೊಡಕಿದೆ. ಮಲಯಾಳವೂ ಕನ್ನಡವೂ ಅಕ್ಕತಂಗಿಯರು. ಅನೇಕ ಪದಗಳು ಕಿವಿಗೆ ಒಂದೇ ರೀತಿ ಕೇಳುತ್ತವೆ. ಆದರೆ ಕಚೇರಿಯ ಕಾಗದದಲ್ಲಿ ಅವುಗಳ ಅರ್ಥ ಬೇರೆ. ಅದನ್ನು ತಿಳಿಯದೆ ಮೋಸ ಹೋಗುವುದು ಸುಲಭ.

'ನಿಲಂ' ಎಂಬ ಪದವನ್ನು ತೆಗೆದುಕೊಳ್ಳಿ. ನೆಲ ಎಂದರೆ ನಮಗೆ ಭೂಮಿ, ಜಾಗ. ಆದರೆ ಕೇರಳದ ಕಂದಾಯ ದಾಖಲೆಯಲ್ಲಿ 'ನಿಲಂ' ಎಂದು ಬರೆದಿದ್ದರೆ ಅದು ಭತ್ತದ ಗದ್ದೆ. ಮನೆ ಕಟ್ಟಲು ಆಗುವ ಹಿತ್ತಿಲು ಜಾಗವನ್ನು 'ಪುರಯಿಡಂ' ಎಂದು ಬರೆಯುತ್ತಾರೆ. ಸ್ಥಳಕ್ಕೆ ಹೋಗಿ ನೋಡಿದರೆ ಅಡಿಕೆ, ತೆಂಗು ಇರಬಹುದು. ಮಣ್ಣು ತುಂಬಿಸಿ ಸಮತಟ್ಟು ಮಾಡಿರಬಹುದು. ಕಣ್ಣಿಗೆ ಕಂಡದ್ದು ಮುಖ್ಯವಲ್ಲ, ದಾಖಲೆಯಲ್ಲಿ ಏನಿದೆ ಎಂಬುದು ಮುಖ್ಯ. ಆಧಾರದಲ್ಲಿ, ತೀರ್ವೆ ರಶೀದಿಯಲ್ಲಿ ಈ ಒಂದು ಪದವನ್ನು ಹುಡುಕಿ ಓದಿಸಿಕೊಳ್ಳಿ.

ಇದಕ್ಕೆ ಕಾರಣ 2008ರ ಆಗಸ್ಟ್ 12ರಂದು ಜಾರಿಗೆ ಬಂದ ಕೇರಳ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆ. ಆ ದಿನ ಯಾವ ಯಾವ ಜಾಗ ಗದ್ದೆಯಾಗಿತ್ತೋ ಅವುಗಳ ಪಟ್ಟಿಯನ್ನು ಪ್ರತಿಯೊಂದು ಪಂಚಾಯತಿಗೂ ತಯಾರಿಸಿದ್ದಾರೆ. ಅದಕ್ಕೆ ಡಾಟಾ ಬ್ಯಾಂಕ್ ಎಂದು ಹೆಸರು. ಅದರಲ್ಲಿ ನಿಮ್ಮ ಸರ್ವೇ ನಂಬ್ರ ಇದ್ದರೆ ಪಂಚಾಯತು ಮನೆಗೆ ಪರವಾನಿಗೆ ಕೊಡುವುದಿಲ್ಲ. ತಪ್ಪಾಗಿ ಸೇರಿದ್ದರೆ ಫಾರಂ 5ರಲ್ಲಿ ಅರ್ಜಿ ಕೊಟ್ಟು ತೆಗೆಸಬಹುದು. ಕೃಷಿಭವನದ ಅಧಿಕಾರಿ ಸ್ಥಳ ನೋಡಿ ವರದಿ ಕೊಡುತ್ತಾರೆ. 2008ರಲ್ಲಿ ಜಾಗ ಹೇಗಿತ್ತು ಎಂಬುದಕ್ಕೆ ಉಪಗ್ರಹದ ಚಿತ್ರವನ್ನೂ ತರಿಸುವುದುಂಟು. ಡಾಟಾ ಬ್ಯಾಂಕಿನಲ್ಲಿ ಇಲ್ಲದಿದ್ದರೂ ಕಂದಾಯ ದಾಖಲೆಯಲ್ಲಿ 'ನಿಲಂ' ಎಂದೇ ಉಳಿದ ಜಾಗಗಳಿವೆ. ಅವುಗಳಿಗೆ ಬೇರೆ ಅರ್ಜಿ ಇದೆ. 50 ಸೆಂಟ್ಸಿನವರೆಗೆ ಫಾರಂ 6. ಇದಕ್ಕೆ 'ತರಂ ಮಾಟ್ಟಲ್' ಎನ್ನುತ್ತಾರೆ, ಜಾಗದ ತರಗತಿ ಬದಲಿಸುವುದು ಎಂದರ್ಥ. 2017ರ ಡಿಸೆಂಬರ್ 30ರಂದು 25 ಸೆಂಟ್ಸ್ ಅಥವಾ ಅದಕ್ಕಿಂತ ಕಡಿಮೆಯಿದ್ದ ಜಾಗಕ್ಕೆ ತರಂ ಮಾಟ್ಟಲಿನ ಶುಲ್ಕವಿಲ್ಲ. ಆದರೆ ಈ ಅರ್ಜಿಗಳು ತೀರ್ಮಾನವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. "ನೀವು ಕೊಂಡುಕೊಳ್ಳಿ, ಆಮೇಲೆ ಮಾಡಿಸುವ" ಎಂಬ ಮಾತಿಗೆ ಒಪ್ಪಬೇಡಿ. ಮಾರುವವರೇ ಮಾಡಿಸಿ ಕೊಡಲಿ, ಆಮೇಲೆ ನೋಂದಣಿ.

ಹಾಗೆಂದು ಗದ್ದೆ ಮಾತ್ರ ಇರುವ ಬಡ ಕುಟುಂಬದ ಗತಿ ಏನು ಎಂದು ನೀವು ಕೇಳಬಹುದು. ಕಾಯ್ದೆಯಲ್ಲೇ ಒಂದು ದಾರಿ ಇದೆ. ಬೇರೆ ತಕ್ಕ ಜಾಗವಿಲ್ಲದ ಗದ್ದೆಯ ಒಡೆಯನು ತನ್ನ ವಾಸಕ್ಕೆ ಮನೆ ಕಟ್ಟುವುದಾದರೆ, ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ಅನುಮತಿ ಬೇಡಬಹುದು. ಸ್ಥಳೀಯ ಸಮಿತಿ ಶಿಫಾರಸು ಮಾಡಬೇಕು, ಜಿಲ್ಲಾ ಸಮಿತಿ ಒಪ್ಪಬೇಕು.

ಎರಡನೆಯ ಪದ 'ಬಾಧ್ಯತಾ ಸರ್ಟಿಫಿಕೇಟ್'. ಹಕ್ಕುಬಾಧ್ಯತೆ ಎಂಬ ಜೋಡುಪದ ನಮ್ಮಲ್ಲಿದೆ. ಆದ್ದರಿಂದ ಇದು ಹಕ್ಕಿನ ಕಾಗದ ಎಂದು ತಿಳಿಯುವವರಿದ್ದಾರೆ. ಮಲಯಾಳದಲ್ಲಿ ಬಾಧ್ಯತೆ ಎಂದರೆ ಹೊರೆ, ಸಾಲ. ಆ ಜಾಗದ ಮೇಲೆ ಅಡಮಾನ ಇದೆಯೇ, ಯಾರಿಗಾದರೂ ಮೊದಲೇ ಮಾರಿದ್ದಾರೆಯೇ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕೊಡುವ ಋಣಭಾರ ಪತ್ರ ಇದು. ಇದನ್ನೇ 'ಕುಡಿಕ್ಕಡ' ಎಂದೂ ಕರೆಯುತ್ತಾರೆ. ಕನಿಷ್ಠ 30 ವರ್ಷದ್ದನ್ನು ತೆಗೆಸಿ ನೋಡುವುದು ಒಳ್ಳೆಯದು. ಆದರೆ ನೋಂದಣಿಯಾದ ವ್ಯವಹಾರ ಮಾತ್ರ ಇದರಲ್ಲಿ ಕಾಣುತ್ತದೆ ಎಂಬುದು ನೆನಪಿರಲಿ. ಮೂಲ ಆಧಾರವನ್ನು ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಇಟ್ಟು ಸಾಲ ಮಾಡಿದ್ದರೆ ಕಾಣದೆಯೂ ಇರಬಹುದು. ಹಾಗಾಗಿ ಜೆರಾಕ್ಸ್ ನೋಡಿ ತೃಪ್ತರಾಗಬೇಡಿ. ಮೂಲ ಆಧಾರವನ್ನೇ ಕಣ್ಣಾರೆ ನೋಡಬೇಕು.

ಮೂರನೆಯದು 'ಪೋಕ್ಕುವರವ್'. ಕನ್ನಡದಲ್ಲಿ ಹೇಳುವುದಾದರೆ ಖಾತೆ ಬದಲಾವಣೆ. ನೋಂದಣಿಯಾದ ಕೂಡಲೇ ಕೆಲಸ ಮುಗಿಯಿತು ಎಂದು ಸುಮ್ಮನಿರಬಾರದು. ವಿಲ್ಲೇಜ್ ಆಫೀಸಿನಲ್ಲಿ ಜಾಗ ನಿಮ್ಮ ಹೆಸರಿಗೆ ಬಂದು, 'ತಂಡಪ್ಪೇರ್' ನಂಬ್ರ ಸಿಕ್ಕಿ, ನಿಮ್ಮ ಹೆಸರಿನಲ್ಲಿ ತೀರ್ವೆ ರಶೀದಿ ಆಗಬೇಕು. ಕರ್ನಾಟಕದವರು "ಪಹಣಿ ಆಯಿತೇ" ಎಂದು ಕೇಳುತ್ತಾರಲ್ಲ, ಇಲ್ಲಿ ಆ ಹೆಸರಿನ ಕಾಗದ ಇಲ್ಲ. ತಂಡಪ್ಪೇರ್ ಖಾತೆ ಮತ್ತು ತೀರ್ವೆ ರಶೀದಿಯೇ ಮುಖ್ಯ. ನೋಂದಣಿ, ಕಂದಾಯ, ಸರ್ವೇ ಈ ಮೂರು ಇಲಾಖೆಗಳನ್ನು ಒಂದೇ ಕಡೆ ಜೋಡಿಸುವ 'ಎಂಟೆ ಭೂಮಿ' ಎಂಬ ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಪ್ರಾರಂಭವಾಯಿತು. ಅದನ್ನು ಮೊದಲು ತಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಡಿಜಿಟಲ್ ಸರ್ವೇ ಮುಗಿದ ಗ್ರಾಮಗಳಲ್ಲಿ ಜಾಗದ ನಕ್ಷೆಯೊಂದಿಗೇ ವ್ಯವಹಾರ ನಡೆಯುತ್ತದೆ. ಆಗ ಅಳತೆಯ ವ್ಯತ್ಯಾಸ ಮೊದಲೇ ಗೊತ್ತಾಗುತ್ತದೆ. ಉಳಿದ ಕಡೆ ನೀವೇ ಸರ್ವೇಯರನ್ನು ಕರೆಸಿ ಅಳೆಯಿಸಿ, ಗಡಿಕಲ್ಲು ನೋಡಿ ಮುಂದುವರಿಯಬೇಕು.

ನಮ್ಮ ಸೀಮೆಯದ್ದೇ ಆದ ಇನ್ನೊಂದು ವಿಷಯ ಕುಮ್ಕಿ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತಲ್ಲ, ಆ ಕಾಲದಿಂದ ಬಂದ ಹಕ್ಕು ಇದು. ವರ್ಗ ಜಾಗದ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಸವಲತ್ತು ವರ್ಗದಾರರಿಗೆ ಇತ್ತು. ಸವಲತ್ತು ಇದ್ದ ಮಾತ್ರಕ್ಕೆ ಜಾಗ ಅವರದ್ದಾಗುವುದಿಲ್ಲ. ಅದು ಸರಕಾರದ್ದೇ. "ಹತ್ತು ಸೆಂಟ್ಸ್ ವರ್ಗ, ಅದರೊಂದಿಗೆ ಇಪ್ಪತ್ತು ಸೆಂಟ್ಸ್ ಕುಮ್ಕಿ" ಎಂದು ಹೇಳಿ ಒಟ್ಟಿಗೆ ಬೆಲೆ ಕಟ್ಟಿದರೆ, ನೀವು ಕೊಡಬೇಕಾದ್ದು ಹತ್ತು ಸೆಂಟ್ಸಿನ ಬೆಲೆ ಮಾತ್ರ. ಮನೆಯ ಪಂಚಾಂಗವೂ ಆ ಹತ್ತರ ಒಳಗೇ ಇರಬೇಕು. ಹಾಗೆಯೇ ಸರಕಾರ ಪಟ್ಟಯ ಕೊಟ್ಟ ಜಾಗವಾದರೆ ಇಂತಿಷ್ಟು ವರ್ಷ ಮಾರಬಾರದು ಎಂಬ ಷರತ್ತು ಇರುತ್ತದೆ. ಪಟ್ಟಯದಲ್ಲಿ ಬರೆದದ್ದನ್ನು ಪೂರ್ತಿ ಓದಿಸಿ. ಪರಿಶಿಷ್ಟ ವರ್ಗದವರ ಜಾಗವನ್ನು ಇತರರು ಕೊಳ್ಳುವುದಕ್ಕೂ ಕಾನೂನಿನ ತಡೆಯಿದೆ.

ಹಳೆಯ ಆಧಾರಗಳು ಕನ್ನಡದಲ್ಲಿರುವುದು ನಮಗೆ ಒಂದು ಅನುಕೂಲ. ಅಜ್ಜನ ಕಾಲದ ಕಾಗದವನ್ನು ಮನೆಯ ಮಕ್ಕಳೇ ಓದಿ ಚತುರ್ಸೀಮೆ ಹೋಲಿಸಬಹುದು. ಹೊಸ ಆಧಾರ ಮಲಯಾಳದಲ್ಲಿ ಬರೆಯಿಸುವುದಾದರೆ, ರುಜು ಹಾಕುವ ಮೊದಲು ಕರಡನ್ನು ಮನೆಗೆ ತನ್ನಿ. ಮಲಯಾಳ ಓದುವ ಮಗನೋ ಮಗಳೋ ಇದ್ದರೆ ನಿಧಾನವಾಗಿ ಓದಿಸಿ. ಹೆಸರು, ಸರ್ವೇ ನಂಬ್ರ, ವಿಸ್ತೀರ್ಣ, ದಾರಿಯ ಹಕ್ಕು, ಬಾವಿಯ ಹಕ್ಕು ಈ ಐದನ್ನು ಎರಡೆರಡು ಸಲ ನೋಡಿ. ಹೆಸರಿನ ಕಾಗುಣಿತ ಮುಖ್ಯ. ಒಂದು ಕಡೆ ಕನ್ನಡದ ರೀತಿಯಲ್ಲಿ, ಇನ್ನೊಂದು ಕಡೆ ಮಲಯಾಳದ ರೀತಿಯಲ್ಲಿ ಬರೆದ ಹೆಸರು ಮುಂದೆ ಸಾಲಕ್ಕೆ ಹೋದಾಗ ತೊಂದರೆ ಕೊಡುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳಿತು. ಅರ್ಥವಾಗದ ನೋಟೀಸು ಬಂದರೆ ಸುಮ್ಮನೆ ಮಡಚಿಡಬೇಡಿ. ಕನ್ನಡದಲ್ಲೇ ಒಂದು ಅರ್ಜಿ ಬರೆದು ವಿವರ ಕೇಳಿ.

ಇನ್ನು ಸಾಲದ ವಿಚಾರ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ನೂರಕ್ಕೆ 90ರಷ್ಟನ್ನು ಬ್ಯಾಂಕು ಕೊಡಬಹುದು. ಕೊಡಬಹುದು ಅಷ್ಟೆ, ಕೊಡಲೇಬೇಕೆಂದಿಲ್ಲ. ಈ ಬೆಲೆಯಲ್ಲಿ ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಸೇರಿಸುವುದಿಲ್ಲ. 10 ಲಕ್ಷ ಮೀರದ ಮನೆಗೆ ಮಾತ್ರ ಸೇರಿಸಲು ಅವಕಾಶವಿದೆ. ಇದರ ಅರ್ಥವೇನು? 20 ಲಕ್ಷದ ಮನೆ ಕೊಳ್ಳುತ್ತೀರಿ ಎಂದಿಟ್ಟುಕೊಳ್ಳಿ. ಬ್ಯಾಂಕು ಹೆಚ್ಚೆಂದರೆ 18 ಲಕ್ಷ ಕೊಟ್ಟೀತು. ನಿಮ್ಮ ಪಾಲು 2 ಲಕ್ಷ. ಕೇರಳದ ಲೆಕ್ಕದಲ್ಲಿ ನೋಂದಣಿಯ ಖರ್ಚು ಇನ್ನೊಂದು 2 ಲಕ್ಷ. ಆಧಾರ ಬರೆಯುವವರ ಫೀಸು, ವಕೀಲರ ಅಭಿಪ್ರಾಯ, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಬೆಲೆಕಟ್ಟುವ ಇಂಜಿನಿಯರರ ಫೀಸು ಬೇರೆ. ಅಂದರೆ ಕೈಯಲ್ಲಿ ಸ್ವಂತದ್ದು 4 ಲಕ್ಷಕ್ಕಿಂತ ಹೆಚ್ಚು ಇಲ್ಲದೆ 20 ಲಕ್ಷದ ಮನೆಗೆ ಮುಂಗಡ ಕೊಡಬಾರದು. ಮುಂಗಡ ಮುಳುಗುವುದು ಹೆಚ್ಚಾಗಿ ಈ ಒಂದು ಲೆಕ್ಕ ತಪ್ಪಿದ್ದರಿಂದಲೇ.

ಕಂತಿನ ಲೆಕ್ಕವನ್ನೂ ನೋಡಿ. 18 ಲಕ್ಷಕ್ಕೆ ನೂರಕ್ಕೆ 9ರ ಬಡ್ಡಿ, 20 ವರ್ಷದ ಅವಧಿ ಎಂದಾದರೆ ತಿಂಗಳಿಗೆ ಸುಮಾರು 16,200 ರೂಪಾಯಿ ಕಂತು ಬರುತ್ತದೆ. ಇಪ್ಪತ್ತು ವರ್ಷದಲ್ಲಿ ಕಟ್ಟುವುದು ಸುಮಾರು 39 ಲಕ್ಷ. ಗಾಬರಿಯಾಗಬೇಡಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಬಹಳ ಹಿಂದೆಯೇ ಹೇಳಿದೆ. ಅಡಿಕೆ ಮಾರಿದಾಗ, ಚಿಟ್ಟಿ ಹಿಡಿದಾಗ ಬಂದ ಹಣವನ್ನು ಅಸಲಿಗೆ ಕಟ್ಟುತ್ತಾ ಬಂದರೆ ಬಡ್ಡಿ ಬಹಳ ಇಳಿಯುತ್ತದೆ. ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ನಿಮ್ಮ ಮೂಲ ಆಧಾರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಇದೆ.

ಜಾಗ ಕೊಂಡು ನೀವೇ ಕಟ್ಟುವುದಾದರೆ ಪಂಚಾಯತಿನ ಪರವಾನಿಗೆ ಬೇಕು. ಪರವಾನಿಗೆಯ ಶುಲ್ಕವನ್ನು 2023ರ ಏಪ್ರಿಲಿನಲ್ಲಿ ಬಹಳ ಏರಿಸಿದ್ದರು. ಜನರ ಆಕ್ಷೇಪ ಬಂದ ಮೇಲೆ 2024ರ ಆಗಸ್ಟ್ 1ರಿಂದ ಇಳಿಸಿದರು. ಗ್ರಾಮ ಪಂಚಾಯತಿನಲ್ಲಿ 81ರಿಂದ 150 ಚದರ ಮೀಟರಿನ ಮನೆಗೆ ಚದರ ಮೀಟರಿಗೆ 50 ರೂಪಾಯಿ ಇದ್ದದ್ದು 25ಕ್ಕೆ ಬಂತು. ಆ ಲೆಕ್ಕದಲ್ಲಿ 100 ಚದರ ಮೀಟರಿನ, ಅಂದರೆ ಸುಮಾರು 1,076 ಚದರ ಅಡಿಯ ಮನೆಗೆ 2,500 ರೂಪಾಯಿ. 80 ಚದರ ಮೀಟರಿನ ಒಳಗಿನ ಮನೆಗಳಿಗೆ ಆ ಏರಿಕೆ ತಾಗಲೇ ಇಲ್ಲ. ಮನೆಯ ಅಳತೆ ಗೊತ್ತುಮಾಡುವಾಗ ಇನ್ನೆರಡು ಗೆರೆಗಳನ್ನು ನೆನಪಿಡಿ. 100 ಚದರ ಮೀಟರಿನ ಒಳಗಿದ್ದರೆ ಕಂದಾಯ ಇಲಾಖೆಗೆ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ ಇಲ್ಲ. 60 ಚದರ ಮೀಟರಿನ ಒಳಗಿನ ಸ್ವಂತ ವಾಸದ ಮನೆಗೆ ಪಂಚಾಯತಿನ ವಾರ್ಷಿಕ ತೆರಿಗೆಯಿಂದ 2023ರಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ನಾಲ್ಕು ಚದರ ಮೀಟರು ಹೆಚ್ಚು ಮಾಡಲು ಹೋಗಿ ಗೆರೆ ದಾಟಬೇಡಿ.

ಸಣ್ಣ ಜಾಗ ಕೊಳ್ಳುವವರು ಬಾವಿಯನ್ನು ಮರೆಯಬಾರದು. ಶೌಚಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರು ದೂರ ಇರಬೇಕೆಂಬುದು ಕಟ್ಟಡ ನಿಯಮ. ನಿಮ್ಮ ಬಾವಿ ಮಾತ್ರವಲ್ಲ, ನೆರೆಮನೆಯ ಬಾವಿಗೂ ಇದು ಅನ್ವಯ. ನಾಲ್ಕೈದು ಸೆಂಟ್ಸ್ ಜಾಗದಲ್ಲಿ ಸುತ್ತಲೂ ಬಾವಿಗಳಿದ್ದರೆ ಗುಂಡಿಗೆ ಸ್ಥಳವೇ ಸಿಗದು. ಇದನ್ನು ಜಾಗ ನೋಡಲು ಹೋದ ದಿನವೇ ಹೆಜ್ಜೆ ಹಾಕಿ ಅಳೆದುಕೊಳ್ಳಿ.

ಕೊನೆಯದಾಗಿ ಸರಕಾರದ ನೆರವು. ಕೇರಳದಲ್ಲಿ ಮುಖ್ಯವಾದದ್ದು 2016ರಲ್ಲಿ ಆರಂಭವಾದ ಲೈಫ್ ಮಿಷನ್. ಜಾಗವಿದ್ದು ಮನೆಯಿಲ್ಲದವರಿಗೆ ಮನೆ ಕಟ್ಟಲು 4 ಲಕ್ಷ ರೂಪಾಯಿ ಕೊಡುತ್ತಾರೆ. ದೂರದ ಊರುಗಳಲ್ಲಿರುವ ಪರಿಶಿಷ್ಟ ವರ್ಗದವರಿಗೆ 6 ಲಕ್ಷ. ಹಣ ಒಮ್ಮೆಲೇ ಬರುವುದಿಲ್ಲ. ಕೆಲಸ ಮುಂದುವರಿದಂತೆ ಹಂತ ಹಂತವಾಗಿ ಬರುತ್ತದೆ. ಪಂಚಾಂಗದ ಕೆಲಸಕ್ಕೆ ಬೇಕಾದ ಒಂದಿಷ್ಟು ಹಣ ಮೊದಲೇ ಕೈಯಲ್ಲಿದ್ದರೆ ಕೆಲಸ ನಿಲ್ಲದು. ಇದು ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ. ಆದರೆ ಹೀಗೆ ಕಟ್ಟಿದ ಮನೆಯನ್ನು ಇಂತಿಷ್ಟು ವರ್ಷ ಮಾರುವಂತಿಲ್ಲ. ಒಂದು ರೇಷನ್ ಕಾರ್ಡಿಗೆ ಒಂದು ಮನೆ ಎಂಬುದು ಮೂಲ ತತ್ವ. 2020ರಲ್ಲಿ ಅರ್ಜಿ ಕರೆದಾಗ ವರ್ಷದ ಆದಾಯ 3 ಲಕ್ಷಕ್ಕಿಂತ ಹೆಚ್ಚಿರುವವರನ್ನೂ, ಪಂಚಾಯತಿನಲ್ಲಿ 25 ಸೆಂಟ್ಸಿಗಿಂತ ಹೆಚ್ಚು ಜಾಗ ಇರುವವರನ್ನೂ ಸಾಮಾನ್ಯವಾಗಿ ಬಿಟ್ಟಿದ್ದರು. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಇಡುತ್ತಾರೆ. ಗ್ರಾಮಸಭೆಗೆ ಹೋಗದವರ ಹೆಸರು ಬಿಟ್ಟುಹೋದರೆ ಕೇಳುವವರು ಯಾರು? ಹೆಸರು ಇಲ್ಲದಿದ್ದರೆ ಅಪೀಲು ಕೊಡಲು ಗಡುವು ಇರುತ್ತದೆ. ಆ ಗಡುವಿನೊಳಗೆ ಬರೆದು ಕೊಡಿ. ಜಾಗವೇ ಇಲ್ಲದವರಿಗಾಗಿ, ಇದ್ದವರಿಂದ ಜಾಗ ದಾನವಾಗಿ ಪಡೆಯುವ 'ಮನಸ್ಸೋಡಿತ್ತಿರಿ ಮಣ್ಣ್' ಎಂಬ ಕಾರ್ಯಕ್ರಮ 2021ರ ಕೊನೆಯಲ್ಲಿ ಆರಂಭವಾಯಿತು.

ಕೇಂದ್ರ ಸರಕಾರದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗಳನ್ನು ಕೇರಳದಲ್ಲಿ ಲೈಫ್ ಯೋಜನೆಯೊಂದಿಗೇ ಸೇರಿಸಿದ್ದಾರೆ. ಆ 4 ಲಕ್ಷದಲ್ಲಿ 72,000 ರೂಪಾಯಿ ಕೇಂದ್ರದ ಪಾಲು. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳದ್ದು.

ನಗರಸಭೆಯ ವ್ಯಾಪ್ತಿಯಲ್ಲಿ ಮನೆ ಮಾಡುವವರಿಗೆ ಬೇರೊಂದು ನೆರವಿದೆ. ನಮ್ಮ ಜಿಲ್ಲೆಯಲ್ಲಿ ಕಾಸರಗೋಡು, ಕಾಞಂಗಾಡು, ನೀಲೇಶ್ವರ ಈ ಮೂರು ನಗರಸಭೆಗಳು. 2024ರ ಸೆಪ್ಟೆಂಬರ್ 1ರಿಂದ ಐದು ವರ್ಷಕ್ಕೆಂದು ಆರಂಭವಾದ ಆವಾಸ್ ಯೋಜನೆಯ ಎರಡನೆಯ ನಗರ ಹಂತದಲ್ಲಿ ಬಡ್ಡಿಗೆ ಸಹಾಯಧನ ಸಿಗುತ್ತದೆ. ಕುಟುಂಬದ ವರ್ಷದ ಆದಾಯ 9 ಲಕ್ಷದೊಳಗಿರಬೇಕು. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ದೇಶದಲ್ಲಿ ಎಲ್ಲಿಯೂ ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಸಾಲದ ಮೊದಲ 8 ಲಕ್ಷದ ಮೇಲೆ ನೂರಕ್ಕೆ 4ರ ಸಹಾಯ. ಒಟ್ಟು ಹೆಚ್ಚೆಂದರೆ 1 ಲಕ್ಷ 80 ಸಾವಿರ, ಐದು ವರ್ಷದ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಇದರ ಹಿಂದಿನ ಬಡ್ಡಿ ಸಹಾಯ 2022ರ ಮಾರ್ಚಿನಲ್ಲೇ ಮುಗಿದಿದೆ. ಎರಡೂವರೆ ಲಕ್ಷ ಕೊಡಿಸುತ್ತೇವೆ ಎಂದು ಆ ಹಳೆಯ ಹೆಸರು ಹೇಳಿ ಹಣ ಕೇಳುವವರನ್ನು ನಂಬಬೇಡಿ.

ಅರ್ಧಕ್ಕೆ ನಿಂತ ಮನೆಗಳಿಗೂ ನೆರವುಂಟು. ಪರಿಶಿಷ್ಟ ಜಾತಿಯವರಿಗೆ ಮನೆ ಪೂರ್ತಿಮಾಡಲು 2 ಲಕ್ಷ ಕೊಡುವ 'ಸೇಫ್' ಯೋಜನೆ 2022-23ರಲ್ಲಿ ಬಂತು. ಮುಸ್ಲಿಂ, ಕ್ರೈಸ್ತ, ಜೈನ ಮೊದಲಾದ ಅಲ್ಪಸಂಖ್ಯಾತ ಸಮುದಾಯಗಳ ವಿಧವೆಯರಿಗೂ ಗಂಡನಿಂದ ದೂರವಾದವರಿಗೂ ಮನೆ ದುರಸ್ತಿಗೆ 50,000 ರೂಪಾಯಿಯ ಇಂಬಿಚಿಬಾವ ಯೋಜನೆ ಇದೆ. ಹಿಂದುಳಿದ ವರ್ಗಗಳ ನಿಗಮದಿಂದ ಗೃಹಸಾಲ ಸಿಗುತ್ತದೆ. ಪ್ರತಿ ವರ್ಷ ಅರ್ಜಿ ಕರೆಯುವ ದಿನ ಬೇರೆ ಬೇರೆ. ವಾರ್ಡು ಸದಸ್ಯರನ್ನೂ ಬ್ಲಾಕ್ ಕಚೇರಿಯನ್ನೂ ವಿಚಾರಿಸುತ್ತಾ ಇರಬೇಕು.

ಹಾಗಾದರೆ ಕ್ರಮ ಯಾವುದು? ಮೊದಲು ದಾಖಲೆಯಲ್ಲಿ 'ಪುರಯಿಡಂ' ಎಂದಿದೆಯೇ ನೋಡಿ, ಡಾಟಾ ಬ್ಯಾಂಕ್ ನೋಡಿ. ಆಮೇಲೆ ಮೂಲ ಆಧಾರ, ಋಣಭಾರ ಪತ್ರ, ತೀರ್ವೆ ರಶೀದಿ ನೋಡಿ. ಅಳೆಯಿಸಿ. ಬೆಲೆಗೆ ನೂರಕ್ಕೆ ಹತ್ತು ಸೇರಿಸಿ ಲೆಕ್ಕ ಹಾಕಿ. ಬ್ಯಾಂಕಿನಲ್ಲಿ ಎಷ್ಟು ಸಿಗುತ್ತದೆಂದು ಕೇಳಿ. ಇಷ್ಟಾದ ಮೇಲೆ ಮುಂಗಡ, ಅದೂ ಬ್ಯಾಂಕಿನ ಮೂಲಕ, ಕರಾರು ಬರೆಯಿಸಿಕೊಂಡೇ. ರಾಜ್ಯ ಬಜೆಟ್ಟಿನಲ್ಲಿ ಆದ ದರಗಳ ಬದಲಾವಣೆ ಸಾಮಾನ್ಯವಾಗಿ ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆ. ಆದ್ದರಿಂದ ನೋಂದಣಿಗೆ ಹೋಗುವ ಮೊದಲು ಮಂಜೇಶ್ವರ, ಬದಿಯಡ್ಕ ಅಥವಾ ಕಾಸರಗೋಡಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಲೇಸು.

ಈ ಸಲ ಜಾಗ ನೋಡಲು ಹೋಗುವಾಗ ಬೇಲಿ, ಬಾವಿ, ದಾರಿಯ ಜೊತೆಗೆ ಆ ಒಂದು ಪದವನ್ನೂ ಹುಡುಕುವಿರಷ್ಟೆ? ಪಕ್ಕದ ಮನೆಯವರಿಗೂ ತಿಳಿಸಿ.